ಪರದೆ ಬೆಳಗುವ ಮುಂಚೆ

“ಗುರುಗಳೇ, ಒಬ್ಬನ ತಲೆಗೆ ಪಾಠ ಹತ್ತುವುದೇ ಇಲ್ಲ ಎಂದು ಯಾವಾಗ ತೀರ್ಮಾನಿಸಬೇಕು?”

ಕೇಳಿದವನು ಆಶ್ರಮದ ಹಿರಿಯ ಶಿಷ್ಯ ಶಂಭುಲಿಂಗ. ಹೊಸಬರಿಗೆ ತರ್ಕದ ಮೊದಲ ಪಾಠಗಳನ್ನು ಹೇಳಿಕೊಡುವ ಹೊಣೆ ಅವನದು. ಆ ವರ್ಷ ಬಂದವರಲ್ಲಿ ಹಾಲಪ್ಪ ಎಂಬ ನಡುವಯಸ್ಸಿನವನೊಬ್ಬನಿದ್ದ. ಬಸ್ ನಿಲ್ದಾಣದ ಎದುರಿಗಿದ್ದ ತನ್ನ ಹೋಟೆಲನ್ನು ತಮ್ಮನಿಗೆ ವಹಿಸಿ, ಈಗಲಾದರೂ ಓದಬೇಕೆಂದು ಬಂದಿದ್ದ. ಪಾಠವನ್ನು ಗಮನವಿಟ್ಟು ಕೇಳುತ್ತಿದ್ದ. ಆದರೆ ಪ್ರಶ್ನೆ ಕೇಳಿದರೆ ಉತ್ತರ ಬರುತ್ತಿರಲಿಲ್ಲ. ನೆಲ ನೋಡುತ್ತ ಕೂತುಬಿಡುತ್ತಿದ್ದ.

ಶಂಭುಲಿಂಗ ತಾನು ಮಾಡಿದ್ದನ್ನೆಲ್ಲ ವಿವರಿಸಿದ. ಪ್ರಶ್ನೆಯನ್ನು ಬದಲಿಸಿ ಕೇಳಿದ್ದ. ಸುಲಭ ಮಾಡಿ ಕೇಳಿದ್ದ. ಇಡ್ಲಿ ಸಾಂಬಾರಿನ ಉದಾಹರಣೆ ಕೊಟ್ಟು ಕೇಳಿದ್ದ. ಒಮ್ಮೆ ಗದರಿಯೂ ಆಗಿತ್ತು. ಇನ್ನು ಹಾಲಪ್ಪನನ್ನು ಊರಿಗೆ ಕಳಿಸಿಬಿಡುವುದೇ ಅವನಿಗೂ ಒಳ್ಳೆಯದು ಎಂದು ಶಂಭುಲಿಂಗನಿಗೆ ತೋರಿತ್ತು. ಮರುದಿನ ಬೆಳಗ್ಗೆಯೇ ಹೇಳಿಬಿಡುವವನಿದ್ದ. ಗುರುಗಳ ಒಪ್ಪಿಗೆಯೊಂದು ಬೇಕಿತ್ತು.

ಗುರುಗಳು ಆಶ್ರಮಕ್ಕೆ ಬರುವ ಮೊದಲು ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಪಾಠ ಮಾಡಿದವರು. ಅವರು ಆಗಲಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ತಂತ್ರಜ್ಞನಿದ್ದ. ಅಂಗಡಿ, ಶಾಲೆ, ಕಚೇರಿಗಳ ಕಂಪ್ಯೂಟರುಗಳನ್ನು ರಿಪೇರಿ ಮಾಡುತ್ತಿದ್ದ. ಕೈ ಚುರುಕು, ಕೆಲಸ ಅಚ್ಚುಕಟ್ಟು. ಕಂಪ್ಯೂಟರಿನ ಪರದೆ ಕಪ್ಪಗೆ ನಿಂತರೆ ಅವನು ಮೊದಲು ಮಾಡುತ್ತಿದ್ದದ್ದು ಒಂದೇ. ಮೆಮೊರಿಯ ಪಟ್ಟಿಯನ್ನು, ಅಂದರೆ ಎಲ್ಲರೂ ರ‍್ಯಾಮ್ ಎನ್ನುವುದನ್ನು, ಹೊರತೆಗೆದು, ಅದರ ಹಳದಿ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುತ್ತಿದ್ದ. ಹತ್ತರಲ್ಲಿ ಎಂಟು ಯಂತ್ರಗಳು ಅಷ್ಟಕ್ಕೇ ಎದ್ದು ಕೂರುತ್ತಿದ್ದವು. ಹಾಗಾಗಿ ಅವನ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ರಬ್ಬರ್ ಇರುತ್ತಿತ್ತು.

ಅದೇ ಊರಿನ ಆಸ್ಪತ್ರೆಯಲ್ಲಿ ಒಂದು ಸರ್ವರ್ ಇತ್ತು. ರೋಗಿಗಳ ಸ್ಕ್ಯಾನ್ ಚಿತ್ರಗಳೆಲ್ಲ ಅದರಲ್ಲಿದ್ದವು. ಅದಕ್ಕೆ ಮೆಮೊರಿ ಸಾಲುತ್ತಿರಲಿಲ್ಲ. ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಒಟ್ಟಿಗೆ ತೆರೆದರೆ ಅಲ್ಲೇ ನಿಂತುಬಿಡುತ್ತಿತ್ತು. ಆಸ್ಪತ್ರೆಯವರು ಹೊಸ ರ‍್ಯಾಮ್ ತರಿಸಿ, ತಂತ್ರಜ್ಞನನ್ನು ಕರೆಸಿದರು. ಸರ್ವರಿಗೆ ಅವನು ಕೈ ಹಾಕಿದ್ದು ಅದೇ ಮೊದಲು.

ಅವನು ಒಂದು ತಪ್ಪನ್ನೂ ಮಾಡಲಿಲ್ಲ. ಸರ್ವರನ್ನು ನಿಲ್ಲಿಸಿ ವಿದ್ಯುತ್ ತಂತಿ ಕಿತ್ತ. ಮೈಯಲ್ಲಿರುವ ವಿದ್ಯುತ್ತು ರ‍್ಯಾಮಿಗೆ ತಗಲಬಾರದೆಂದು ಕೈಗೆ ಪಟ್ಟಿ ಕಟ್ಟಿಕೊಂಡ. ಮುಚ್ಚಳದ ಒಳಗೆ ಅಂಟಿಸಿದ್ದ ನಕ್ಷೆ ನೋಡಿ, ಯಾವ ಸ್ಲಾಟಿಗೆ ಯಾವುದು ಎಂಬುದನ್ನು ಗುರುತಿಸಿಕೊಂಡು, ಒಂದೊಂದನ್ನೂ ನೆಟ್ಟಗೆ ಹಿಡಿದು ಒತ್ತಿದ. ಎರಡೂ ಬದಿಯ ಕ್ಲಿಪ್ಪುಗಳು ಟಕ್ಕೆಂದು ಕೂತವು. ಸ್ವಿಚ್ ಹಾಕಿದ.

ಫ್ಯಾನುಗಳು ಜೋರಾಗಿ ತಿರುಗಿದವು. ಪರದೆ ಕಪ್ಪಗೇ ಇತ್ತು.

ಅವನು ಬಲ್ಲ ಕಂಪ್ಯೂಟರುಗಳಲ್ಲಿ ಸ್ವಿಚ್ ಹಾಕಿ ಉಸಿರು ಬಿಡುವಷ್ಟರಲ್ಲಿ ಪರದೆಯ ಮೇಲೆ ಅಕ್ಷರ ಬರಬೇಕು. ಇದರಲ್ಲಿ ಬರಲಿಲ್ಲ. ಸ್ವಿಚ್ ಆರಿಸಿದ. ರ‍್ಯಾಮ್ ತೆಗೆದು, ರಬ್ಬರಿನಿಂದ ಉಜ್ಜಿ, ಕೂರಿಸಿದ. ಪರದೆ ಕಪ್ಪಗೇ ಇತ್ತು. ಜಾಗ ಅದಲು ಬದಲು ಮಾಡಿ ನೋಡಿದ. ಹಾಗೇ ಇತ್ತು. ಕೊನೆಗೆ ಹೊಸದನ್ನೆಲ್ಲ ಕಿತ್ತು, ಹಳೆಯದನ್ನು ಮಾತ್ರ ಮೊದಲಿನಂತೆ ಕೂರಿಸಿದ. ಆಗಲೂ ಪರದೆ ಬೆಳಗಲಿಲ್ಲ. ಬೆಳಗ್ಗೆ ತನ್ನ ಕಣ್ಣೆದುರೇ ಓಡುತ್ತಿದ್ದ ಯಂತ್ರವನ್ನು ತಾನೇ ಕೊಂದೆ ಎಂದುಕೊಂಡ.

ಹೊರಗೆ ಒಬ್ಬ ತಾಯಿ ಮಗಳೊಂದಿಗೆ ಕೂತಿದ್ದಳು. ತಾಯಿಯ ಶ್ವಾಸಕೋಶದಲ್ಲಿ ಒಂದು ಸಣ್ಣ ಗಂಟಿತ್ತು. ಅಂದು ಹೊಸ ಸ್ಕ್ಯಾನ್ ಆಗಿತ್ತು. ಹೋದ ವರ್ಷದ ಸ್ಕ್ಯಾನಿನ ಪಕ್ಕದಲ್ಲಿಟ್ಟು ನೋಡಬೇಕಿತ್ತು. ಗಂಟು ಬೆಳೆದಿದ್ದರೆ ಅಂದೇ ಶಸ್ತ್ರಚಿಕಿತ್ಸೆ. ಅದಕ್ಕಾಗಿ ಬೇರೆ ಊರಿನಿಂದ ಬಂದಿದ್ದ ಸರ್ಜನ್ ಮಧ್ಯಾಹ್ನದ ಹೊತ್ತಿಗೆ ಹೊರಡುವವರಿದ್ದರು. ಬೆಳೆದಿಲ್ಲದಿದ್ದರೆ ಕೊಯ್ಯುವ ಮಾತೇ ಇಲ್ಲ. ತಾಯಿ ಬೆಳಗಿನಿಂದ ಏನೂ ತಿಂದಿರಲಿಲ್ಲ.

ತಂತ್ರಜ್ಞ ಎಲ್ಲ ರ‍್ಯಾಮನ್ನೂ ನಕ್ಷೆಯಂತೆ ಮತ್ತೊಮ್ಮೆ ಕೂರಿಸಿದ. ಸ್ವಿಚ್ ಹಾಕಿದ. ಪರದೆ ಕಪ್ಪಗಿತ್ತು. ಆರಿಸಲು ಕೈ ಚಾಚುವಷ್ಟರಲ್ಲಿ, ಸ್ಕ್ಯಾನ್ ನೋಡಬೇಕಿದ್ದ ವೈದ್ಯೆ ಬಾಗಿಲಿಗೆ ಬಂದರು.

“ನಿನ್ನೆ ಒಂದೊಂದೇ ಚಿತ್ರ ನಿಧಾನವಾಗಿಯಾದರೂ ಬರುತ್ತಿತ್ತು” ಎಂದರು. “ಈಗ ಆ ನಿಧಾನವೂ ಇಲ್ಲವಲ್ಲಪ್ಪ.”

ವೈದ್ಯೆ ಗದರಲಿಲ್ಲ. ಹೊರಗೆ ಕೂತವರಿಗೆ ಏನಾಗಿದೆಯೆಂದು ನೀನೇ ತಿಳಿಸಿ ಹೇಳು, ನನಗೆ ಹೇಳಲು ಬರುವುದಿಲ್ಲ ಎಂದರು. ಅವನು ಸರ್ವರನ್ನು ಹಾಗೇ ಬಿಟ್ಟು ಅವರ ಹಿಂದೆ ನಡೆದ.

ಮಗಳು ಎದ್ದು ನಿಂತಳು. “ಸಾರ್, ನಮ್ಮಮ್ಮನ ಹಳೇ ಸ್ಕ್ಯಾನ್ ಅಳಿಸಿಹೋಯ್ತಾ?”

ಅಳಿಸಿಲ್ಲ ಎಂದ. ಅವಳು ನಂಬಲಿಲ್ಲ. ಮೆಮೊರಿ ಕೆಟ್ಟಿದೆ ಎಂದು ಒಳಗಿನವರು ಹೇಳಿದ್ದನ್ನು ಕೇಳಿಸಿಕೊಂಡಿದ್ದಳು. ಅವನು ಕೂತು ಬಿಡಿಸಿ ಹೇಳಿದ. ಚಿತ್ರಗಳು ಇರುವುದು ಡಿಸ್ಕಿನಲ್ಲಿ. ಅದು ಬೀರು ಇದ್ದಂತೆ. ಮೆಮೊರಿ ಎಂದರೆ ಬೀರುವಿನಿಂದ ತೆಗೆದದ್ದನ್ನು ಹರಡಿ ನೋಡುವ ಟೇಬಲ್. ಹಳೆಯ ಟೇಬಲ್ ಚಿಕ್ಕದಾಗಿತ್ತು, ದೊಡ್ಡದನ್ನು ಹಾಕಲು ಹೋಗಿದ್ದೆ. ಬೀರುವನ್ನು ಮುಟ್ಟಿಲ್ಲ.

“ಹಾಗಾದ್ರೆ ಬೀರು ಬಾಗಿಲು ತೆಗೀರಿ” ಎಂದಳು ಮಗಳು. “ಟೇಬಲ್ ಬೇಕಾದ್ರೆ ನಮ್ಮನೆಯಿಂದ ತರ್ತೀನಿ.”

ತಾಯಿಗೆ ನಗು ಬಂತು. ಆ ನಗು ನೋಡಿದ ಮೇಲೆ ತಂತ್ರಜ್ಞನಿಗೆ ಎದ್ದು ಬರಲಾಗಲಿಲ್ಲ. ಮಗಳು ಒಂದಾದ ಮೇಲೊಂದು ಸಂದೇಹ ಕೇಳಿದಳು. ಅವನು ಉತ್ತರ ಹೇಳಿದ. ಯಂತ್ರ ಸತ್ತಿದೆ ಎಂಬುದೊಂದನ್ನು ಹೇಳಲು ಮಾತು ಹುಡುಕುತ್ತಿದ್ದ, ಸಿಗಲಿಲ್ಲ. ಕೊನೆಗೆ, ಡಿಸ್ಕನ್ನಾದರೂ ಬಿಚ್ಚಿ ಬೇರೆಡೆಗೆ ಒಯ್ದು ನೋಡೋಣವೆಂದು ಒಳಗೆ ಬಂದ.

ಪರದೆ ಬೆಳಗಿತ್ತು. ಮೆಮೊರಿ ಬದಲಾಗಿದೆ, ಪರೀಕ್ಷೆ ಮುಗಿದಿದೆ ಎಂದು ಅದರ ಮೇಲೆ ಬರೆದಿತ್ತು. ಕೆಳಗೆ ಹಳೆಯ ರ‍್ಯಾಮ್, ಹೊಸ ರ‍್ಯಾಮ್ ಎಲ್ಲದರ ಮೊತ್ತ ಸರಿಯಾಗಿ ಕಾಣುತ್ತಿತ್ತು.

ಆಗ ಅವನಿಗೆ ಅರ್ಥವಾಯಿತು. ಮೆಮೊರಿ ಬದಲಾದಾಗ ಸರ್ವರ್ ತಕ್ಷಣ ಕೆಲಸಕ್ಕೆ ಇಳಿಯುವುದಿಲ್ಲ. ಒಂದೊಂದು ರ‍್ಯಾಮನ್ನೂ ಬೇರೆ ಬೇರೆಯಾಗಿ ಪರಿಚಯ ಮಾಡಿಕೊಳ್ಳುತ್ತದೆ. ಅದರಲ್ಲಿ ಬರೆದು, ಓದಿ, ಬರೆದದ್ದೇ ಓದಲು ಸಿಕ್ಕಿತೇ ಎಂದು ನೋಡುತ್ತದೆ. ಯಾವುದು ಎಷ್ಟು ವೇಗಕ್ಕೆ ಒಗ್ಗುತ್ತದೆ ಎಂದು ತೂಗುತ್ತದೆ. ಅಲ್ಲಿಯವರೆಗೆ ಪರದೆಯ ಮೇಲೆ ಒಂದು ಚುಕ್ಕೆಯನ್ನೂ ಮೂಡಿಸುವುದಿಲ್ಲ. ಕೊಟ್ಟ ಮೆಮೊರಿ ಹೆಚ್ಚಿದ್ದಷ್ಟೂ ಕಪ್ಪು ಪರದೆಯ ಹೊತ್ತು ಹೆಚ್ಚು. ಅವನು ಸ್ವಿಚ್ ಆರಿಸಿದಾಗಲೆಲ್ಲ ಯಂತ್ರ ಮಾಡಿದ್ದಷ್ಟನ್ನೂ ಕಳೆದುಕೊಂಡು ಮೊದಲಿನಿಂದ ಶುರು ಮಾಡಿತ್ತು. ಜಾಗ ಬದಲಿಸಿದಾಗಲೆಲ್ಲ ಅದಕ್ಕೆ ಎಲ್ಲವೂ ಮತ್ತೆ ಹೊಸತಾಗಿತ್ತು.

ವೈದ್ಯೆ ಎರಡೂ ಚಿತ್ರಗಳನ್ನು ಒಟ್ಟಿಗೆ ತೆರೆದರು. ತಡವಿಲ್ಲದೆ ತೆರೆದುಕೊಂಡವು. ಅಳೆದು ನೋಡಿದರು. ಗಂಟು ಹೋದ ವರ್ಷ ಎಷ್ಟಿತ್ತೋ ಅಷ್ಟೇ ಇತ್ತು. ಸರ್ಜನ್ ಕೈಬೀಸಿ ಹೊರಟರು. ತಾಯಿ ಕೇಳಿದ್ದು ಒಂದೇ, ಕ್ಯಾಂಟೀನು ಯಾವ ಕಡೆ ಎಂದು.

ಗುರುಗಳು ಕತೆ ನಿಲ್ಲಿಸಿದರು.

ಶಂಭುಲಿಂಗ, ಆ ತಂತ್ರಜ್ಞ ಸರ್ವರಿನ ಕೈಪಿಡಿಯನ್ನು ಮೊದಲೇ ಓದಬೇಕಿತ್ತು ಎಂದ. ಓದಬೇಕಿತ್ತು ಎಂದು ಗುರುಗಳೂ ಒಪ್ಪಿದರು.

“ಆದರೆ ನನ್ನ ವಿಷಯ ಹಾಗಲ್ಲ, ಗುರುಗಳೇ” ಎಂದ ಶಂಭುಲಿಂಗ. “ಹಾಲಪ್ಪನಿಗೆ ನಾನು ಒಂದು ಪ್ರಶ್ನೆ ಕೇಳಿ ಬಿಟ್ಟವನಲ್ಲ. ಒಂದಕ್ಕೆ ಸುಮ್ಮನಿದ್ದರೆ ಕೂಡಲೇ ಇನ್ನೊಂದು. ಅದಕ್ಕೂ ಸುಮ್ಮನಿದ್ದರೆ ಮತ್ತೊಂದು ಬಗೆಯಲ್ಲಿ. ನನ್ನ ಪ್ರಯತ್ನದಲ್ಲಿ ಕೊರತೆಯಿಲ್ಲ.”

“ಕೇಳಿದ ಮೇಲೆ ನೀನು ಎಷ್ಟು ಹೊತ್ತು ಸುಮ್ಮನಿದ್ದೆ?” ಎಂದರು ಗುರುಗಳು.

ಶಂಭುಲಿಂಗ ಉತ್ತರ ಕೊಡಲಿಲ್ಲ. ಗುರುಗಳು ಎರಡನೆಯ ಸಲ ಕೇಳಲಿಲ್ಲ.