ತವರದ ಕಡ್ಡಿ ಮತ್ತು ತಾಮ್ರದ ತಪ್ಪಲೆ

"ಅಡುಗೆಮನೆಯ ಬಾಳು ನಿನಗೆ ನೀಗುವುದಿಲ್ಲ" ಎಂದು, ಪಾತ್ರೆಗಳಿಗೆ ಕಲಾಯಿ ಹಾಕುವ ಸಾಬರ ಚೀಲದಲ್ಲಿದ್ದ ತವರದ ಕಡ್ಡಿಗೆ ಹೇಳಿದ್ದು, ಅಡುಗೆಯ ತುಂಗಕ್ಕನ ಚಿನ್ನದ ಮೂಗುತಿ. "ನಾನು ಕಿರೀಟ ಏರಿದ ವಂಶದವಳು. ನೀನೋ, ಚೂರು ಬಿಸಿ ತಾಕಿದರೆ ನೀರಾಗುವವಳು."

ತವರದ ಕಡ್ಡಿ ಚೀಲದ ತಳಕ್ಕೆ ಸರಿಯಿತು. ಅವಳು ಕರಗುವುದಂತೂ ನಿಜವಾಗಿತ್ತು.

ಅಷ್ಟರಲ್ಲಿ ತುಂಗಕ್ಕ ತಾಮ್ರದ ತಪ್ಪಲೆಯನ್ನು ಸಾಬರ ಮುಂದೆ ಕುಕ್ಕಿದಳು. "ಹುಣಸೆಹುಳಿ ಬಿದ್ದರೆ ಸಾಕು, ಕಿಲುಬು ಏಳುತ್ತದೆ ಸಾಬರೇ. ಇವತ್ತು ಸರಿಹೋಗದಿದ್ದರೆ ಇದನ್ನು ಗುಜರಿಗೆ ಹಾಕುತ್ತೇನೆ."

ತಪ್ಪಲೆ ತವರದ ಕಡ್ಡಿಯತ್ತ ಬಾಗಿತು. "ತಂಗೀ, ನನ್ನನ್ನು ಉಳಿಸು."

"ನಾನು ಕರಗಿಹೋಗುವವಳು ಅಕ್ಕಾ. ಆ ಚಿನ್ನವನ್ನು ಕೇಳಬಾರದೇ?"

"ಅವಳು ಕರಗುವಷ್ಟು ಕಾಯಿಸಿದರೆ ನಾನೇ ಸೊಟ್ಟಗಾಗುತ್ತೇನೆ. ನೀನು ಬೇಗ ಕರಗುತ್ತೀಯಲ್ಲ, ಅದಕ್ಕೇ ನಿನ್ನನ್ನು ಕೇಳಿದ್ದು."

ಒಬ್ಬಳು ಹಂಗಿಸಿದ ಗುಣವನ್ನೇ ಇನ್ನೊಬ್ಬಳು ಬೇಡುವುದು ಹೇಗೆಂದು ತವರಕ್ಕೆ ತಿಳಿಯಲಿಲ್ಲ. ತಿಳಿಯದೆಯೇ ಕಾದ ತಪ್ಪಲೆಗೆ ಮೈ ಒಡ್ಡಿದಳು. ಸಾಬರು ತವರ ಅಂಟಲೆಂದು ನವಸಾಗರದ ಪುಡಿ ಉದುರಿಸಿ ಹತ್ತಿಯಿಂದ ಒರೆಸಿದಂತೆ ಒಳಗೆಲ್ಲ ಬೆಳ್ಳಗೆ ಹರಡಿಕೊಂಡಳು.

ಮಧ್ಯಾಹ್ನ ಸಾರು ಉಂಡವರು, "ತಾಮ್ರದ ಪಾತ್ರೆಯ ರುಚಿಯೇ ಬೇರೆ" ಎಂದರು.

ಮೂಗುತಿ ನಕ್ಕಿತು. "ನಿನ್ನ ಹೆಸರೇ ಬರಲಿಲ್ಲವಲ್ಲೇ."

ಅದು ಗೆಲುವೋ ಸೋಲೋ ತವರಕ್ಕೆ ಇಂದಿಗೂ ಗೊತ್ತಾಗಿಲ್ಲ. ತಪ್ಪಲೆಯ ಒಳಮೈಯೆಲ್ಲ ಈಗ ಅವಳದು. ಅವಳನ್ನು ಮುಟ್ಟದೆ ಒಂದು ತೊಟ್ಟು ಸಾರೂ ಎಲೆಗೆ ಬೀಳದು. ಅದಕ್ಕಾಗಿ ಅವಳು ತೆತ್ತದ್ದು ಕಡ್ಡಿಯಾಗಿದ್ದ ಮೈಯನ್ನು, ಮತ್ತೆ ಹೆಸರನ್ನು.