ಅಣಬೆ ಬಣ್ಣಕ್ಕೆ ಸನ್ಮಾನ

ಕೊಳೆತ ದಿಮ್ಮಿಯ ಅಡಿಯಲ್ಲಿ ಬೆಳೆದ ಕೆಂಪಣಬೆಯ ಬಣ್ಣವನ್ನು ಒಂದು ಸೋಲಾರ್ ಗಾಜಿಗೆ ಬಳಿದರು. ಬಣ್ಣ ಬಿಸಿಲು ಕುಡಿದು ಕರೆಂಟು ಕೊಡತೊಡಗಿದಾಗ ಕಾಡಿನವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಕೂಡಲೇ ಬಯಲಿನಲ್ಲಿ ಸನ್ಮಾನ ಸಮಾರಂಭ ಏರ್ಪಾಟಾಯಿತು. ಸಭೆಯ ಮೈಕು ನಡೆಯುತ್ತಿದ್ದುದೂ ಅದೇ ಬಣ್ಣದ ಕರೆಂಟಿನಿಂದ.

ಅಧ್ಯಕ್ಷರಾದ ಕಪ್ಪೆರಾಯರು, ‘ಸೂರ್ಯನನ್ನೇ ಪಳಗಿಸಿದ ಮಹನೀಯರು ಇವರು,’ ಎಂದು ಗಾಜಿಗೆ ಜರಿ ಶಾಲು ಹೊದಿಸಿದರು. ಮೈಕಿನ ದನಿ ಸಣ್ಣಗಾಯಿತು.

ಬಣ್ಣ ಶಾಲಿನ ಅಡಿಯಿಂದಲೇ, ‘ಸ್ವಾಮಿ, ನನಗೆ ಶಾಲು ಬೇಡ. ಮೈಮೇಲೆ ಬಿಸಿಲು ಬಿದ್ದರೆ ಸಾಕು,’ ಎಂದಿತು.

‘ಎಂಥ ವಿನಯ ನೋಡಿ,’ ಎಂದು ನರಿ ಇನ್ನೊಂದು ಶಾಲು ಹೊದಿಸಿತು. ‘ಬಿಸಿಲಲ್ಲಿ ದುಡಿದು ಬಳಲಿದ್ದಾರೆ, ಪಾಪ,’ ಎಂದು ಕರಡಿ ಅದರ ಮೇಲೆ ದೊಡ್ಡ ಮೈಸೂರು ಪೇಟ ಇಟ್ಟಿತು. ಆಮೇಲೆ ಹಾರಗಳು ಬಿದ್ದವು. ಒಳಗಿನಿಂದ ಬಣ್ಣ ಕೂಗಿಕೊಂಡದ್ದು ಚಪ್ಪಾಳೆಯಲ್ಲಿ ಮುಳುಗಿಹೋಯಿತು.

ಕಪ್ಪೆರಾಯರು ಹೊಗಳಿಕೆಯ ಮುಖ್ಯ ಭಾಗಕ್ಕೆ ಬರುವಷ್ಟರಲ್ಲಿ ಮೈಕು ಪೂರ್ತಿ ನಿಂತಿತು. ಅವರು ಅದನ್ನು ತಟ್ಟಿ ನೋಡಿದರು. ಮತ್ತೆ ನರಿಯ ಕಡೆ ಬಾಗಿ ಮೆಲ್ಲಗೆ ಹೇಳಿದರು: ‘ನಾನು ಮೊದಲೇ ಅಂದುಕೊಂಡಿದ್ದೆ. ಎಷ್ಟಾದರೂ ಕತ್ತಲಲ್ಲಿ ಬೆಳೆದವರು. ಇವರಿಗೆ ಬಿಸಿಲು ಎಲ್ಲಿ ಒಗ್ಗುತ್ತದೆ?’