ನಾಳೆ ಬಾ ಎಂದ ಪೆನ್ನು

ಚಂದ್ರಲೋಕದ ಪಯಣದ ಹಳೆಯ ಕಾದಂಬರಿಯನ್ನು ಓದುತ್ತಿದ್ದ ಶಾಯಿಪೆನ್ನಿಗೆ ತಾನೂ ಅಂಥದೊಂದು ಬರೆಯಬೇಕೆಂಬ ಚಡಪಡಿಕೆ. ಮಂಗಳಗ್ರಹದಲ್ಲಿ ಬಾವಿ ತೋಡುವವಳ ಕಥೆಯೊಂದು ದಿನವೂ ಅದರ ಬಳಿ ಬಂದು, "ಬರೆಯುತ್ತೀರಾ?" ಎನ್ನುತ್ತಿತ್ತು.

"ಇನ್ನೊಂದು ಅಧ್ಯಾಯ ಓದಿಬಿಡುತ್ತೇನೆ, ನಾಳೆ ಬಾ," ಎನ್ನುತ್ತಿತ್ತು ಪೆನ್ನು.

ಕಾದಂಬರಿ ಗದರಿತು: "ಅಯ್ಯಾ, 'ನಾಳೆ ಬಾ' ಎಂದು ಬಾಗಿಲಿಗೆ ಬರೆಯುವುದು ದೆವ್ವ ಓಡಿಸಲು. ಕಥೆಗೂ ಅದನ್ನೇ ಹೇಳುವುದೇ?"

"ನೀನು ಚಂದ್ರನ ಮೇಲೆ ಗಾಳಿ ಬೀಸಿಸಿದ್ದೀಯ. ನನ್ನದರಲ್ಲಿ ಅಂಥ ತಪ್ಪು ಇರಬಾರದು."

"ತಪ್ಪಿದ್ದರೂ ನೀನು ಓದುತ್ತಿರುವುದು ನನ್ನನ್ನೇ."

ಮರುದಿನ ಕಥೆ ಬರಲಿಲ್ಲ. ಪೆನ್ನು ಇಣುಕಿ ನೋಡಿದರೆ, ಮೋಟು ಪೆನ್ಸಿಲೊಂದು ದಿನಸಿ ಚೀಟಿಯ ಹಿಂಬದಿಯಲ್ಲಿ ಅದನ್ನೇ ಬರೆಯುತ್ತಿತ್ತು.

"ಅದು ನನ್ನ ಕಥೆ!"

"ಇರಬಹುದು ಅಣ್ಣಾ. ನನ್ನ ಬಳಿಗೂ ಬಂತು. ನಾಳೆ ಬಾ ಎನ್ನುವಷ್ಟು ಉದ್ದ ನನ್ನಲ್ಲಿ ಉಳಿದಿರಲಿಲ್ಲ," ಎಂದಿತು ಪೆನ್ಸಿಲು, ತಲೆ ಎತ್ತದೆ.